ಜಿರಳೆ ಸತ್ತ ಮೇಲೂ ಉಳಿಯುವ ಧೂಳು

ಮನೆಯಲ್ಲಿ ಇರುವೆ ಜಾಸ್ತಿಯಾಗಿದೆ ಅಂತ ಜನ ಸಲೀಸಾಗಿ ಹೇಳುತ್ತಾರೆ. ಸೊಳ್ಳೆ ಕಾಟ, ಇಲಿ ಕಾಟ ಅಂತಲೂ ಹೇಳಿಕೊಳ್ಳುತ್ತಾರೆ. ಹಲ್ಲಿ ಮೈಮೇಲೆ ಬಿದ್ದರೆ ಪಂಚಾಂಗ ತೆಗೆಯುತ್ತಾರೆ. ಜಿರಳೆಯ ಮಾತು ಬಂದರೆ ಮಾತ್ರ ಎಲ್ಲರೂ ಸುಮ್ಮನಾಗುತ್ತಾರೆ. ನೆಂಟರು ಬಂದಿದ್ದಾಗ ಸಿಂಕಿನ ಕೆಳಗಿಂದ ಒಂದು ಹೊರಗೆ ಬಂದರೆ ಮನೆಯವರ ಮುಖ ಚಿಕ್ಕದಾಗುತ್ತದೆ. ಈ ನಾಚಿಕೆ ಮಕ್ಕಳ ಉಸಿರಾಟಕ್ಕೆ ಎಷ್ಟು ಕೆಡುಕು ಮಾಡುತ್ತದೆ ಅನ್ನುವುದನ್ನು ನಾನು ನಮ್ಮ ಮನೆಯಲ್ಲೇ ನೋಡಿದ್ದೇನೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಮಗಳಿಗೆ ಚಿಕ್ಕಂದಿನಿಂದ ಮೂಗು ಕಟ್ಟುತ್ತಿತ್ತು. ಬೆಳಗ್ಗೆ ಎದ್ದ ಕೂಡಲೇ ಸಾಲು ಸಾಲು ಸೀನು. ರಾತ್ರಿ ಒಣ ಕೆಮ್ಮು. ಕೆಲವು ರಾತ್ರಿ ಎದೆಯೊಳಗೆ ಸುಂಯ್ ಅನ್ನುವ ಸದ್ದು. ಬೆಂಗಳೂರಿನಲ್ಲಿ ಇದು ಯಾರಿಗೂ ಹೊಸದಲ್ಲ. ಇಲ್ಲಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು 20,000ಕ್ಕೂ ಹೆಚ್ಚು ಮಕ್ಕಳನ್ನು ನೋಡಿ ಲೆಕ್ಕ ಇಟ್ಟಿದ್ದಾರೆ. 1979ರಲ್ಲಿ ನೂರಕ್ಕೆ 9 ಮಕ್ಕಳಿಗೆ ಅಸ್ತಮಾ ಇತ್ತು. 1999ರ ಹೊತ್ತಿಗೆ ಅದು ನೂರಕ್ಕೆ 29.5 ಆಗಿತ್ತು. ಹಾಗಾಗಿ ಯಾರನ್ನು ಕೇಳಿದರೂ ಒಂದೊಂದು ಕಾರಣ ಸಿದ್ಧವಾಗಿರುತ್ತದೆ. ಬೆಂಗಳೂರಿನ ಹವೆಯೇ ಹಾಗೆ. ಕಾಂಗ್ರೆಸ್ ಹುಲ್ಲಿನ ಪರಾಗ. ವಾಹನಗಳ ಹೊಗೆ. ಮೆಟ್ರೋ ಕೆಲಸದ ಧೂಳು. ಇವೆಲ್ಲ ನಿಜವೇ. ಆದರೆ ಪರಾಗದ ಅಲರ್ಜಿಗೆ ಒಂದು ಕಾಲ ಅಂತ ಇರುತ್ತದೆ. ನಮ್ಮ ಮಗಳ ತೊಂದರೆಗೆ ಕಾಲವೇ ಇರಲಿಲ್ಲ. ವರ್ಷವಿಡೀ ಇರುತ್ತಿತ್ತು, ಮನೆಯೊಳಗೆ ಇದ್ದಾಗಲೇ ಜಾಸ್ತಿ ಆಗುತ್ತಿತ್ತು. ರಜೆಗೆ ಅಜ್ಜಿಯ ಊರಿಗೆ ಹೋದರೆ ಕೆಲವೇ ದಿನದಲ್ಲಿ ಇಳಿಯುತ್ತಿತ್ತು. ಅಲರ್ಜಿ ವೈದ್ಯರು ಮೊದಲು ಹಿಡಿದುಕೊಂಡದ್ದು ಇದೇ ಎಳೆಯನ್ನು.

ಆಮೇಲೆ ಚರ್ಮದ ಪರೀಕ್ಷೆ ಆಯಿತು. ಮುಂಗೈ ಮೇಲೆ ಒಂದೊಂದು ಹನಿ ಬಿಟ್ಟು, ಅದರ ಮೇಲೆ ಸಣ್ಣಗೆ ಚುಚ್ಚುತ್ತಾರೆ. ಹದಿನೈದು ಇಪ್ಪತ್ತು ನಿಮಿಷ ಕಾಯಬೇಕು. ಯಾವುದಕ್ಕೆ ಅಲರ್ಜಿಯೋ ಆ ಜಾಗ ಸೊಳ್ಳೆ ಕಚ್ಚಿದಂತೆ ಉಬ್ಬುತ್ತದೆ. ಪರೀಕ್ಷೆಗೆ ಕೆಲವು ದಿನ ಮೊದಲೇ ಸೆಟ್ರಿಜಿನ್ ಥರದ ಅಲರ್ಜಿ ಮಾತ್ರೆ ನಿಲ್ಲಿಸಿರಬೇಕು, ಇಲ್ಲದಿದ್ದರೆ ಉಬ್ಬಬೇಕಾದದ್ದು ಉಬ್ಬುವುದಿಲ್ಲ. ಎಷ್ಟು ದಿನ ಅನ್ನುವುದನ್ನು ವೈದ್ಯರೇ ಹೇಳುತ್ತಾರೆ. ಮಾತ್ರೆ ನಿಲ್ಲಿಸಲು ಆಗದವರಿಗೆ ರಕ್ತದಲ್ಲಿ ಐಜಿಇ, ಅಂದರೆ ಅಲರ್ಜಿ ಇದ್ದಾಗ ದೇಹ ತಯಾರಿಸುವ ಪ್ರತಿಕಾಯ, ನೋಡುವ ಪರೀಕ್ಷೆ ಇದೆ. ಮಗಳ ಕೈ ಮೇಲೆ ಎರಡು ಕಡೆ ದೊಡ್ಡದಾಗಿ ಉಬ್ಬಿತು. ಒಂದು ಧೂಳಿನ ನುಸಿ, ಅಂದರೆ ಹಾಸಿಗೆ, ದಿಂಬಿನ ಧೂಳಿನಲ್ಲಿ ಇರುವ ಕಣ್ಣಿಗೆ ಕಾಣದ ಸಣ್ಣ ಜೀವಿ. ಇನ್ನೊಂದು ಜಿರಳೆ.

ಮನೆಯಲ್ಲಿ ಜಿರಳೆ ಇದೆಯಾ ಅಂತ ವೈದ್ಯರು ಕೇಳಿದರು. ಪ್ರಶ್ನೆ ಇಬ್ಬರಿಗೂ ಕೇಳಿದ್ದು. ಆದರೆ ಆಮೇಲೆ ಸುದ್ದಿ ತಿಳಿದ ನೆಂಟರು, ಪರಿಚಯದವರು ಎಲ್ಲರೂ ಕೇಳಿದ್ದು ನನ್ನ ಹೆಂಡತಿಯನ್ನು ಮಾತ್ರ. ಅಡುಗೆಮನೆ ರಾತ್ರಿ ತೊಳೆಯಲ್ವಾ? ಮುಸುರೆ ಪಾತ್ರೆ ಹಾಗೇ ಬಿಡ್ತೀಯಾ? ಒಬ್ಬರೂ ನನ್ನನ್ನು ಕೇಳಲಿಲ್ಲ. ಅವಳು ಆಫೀಸಿನಿಂದ ಬಂದು ರಾತ್ರಿ ಹತ್ತಕ್ಕೆ ಸ್ಟೋವ್ ಎತ್ತಿ ಒರೆಸುವುದನ್ನು ನಾನು ದಿನಾ ನೋಡುತ್ತೇನೆ. ಆ ಮಾತುಗಳನ್ನು ಕೇಳಿ ನನಗೆ ಆದ ನೋವು ಇನ್ನೂ ಇದೆ. ಅದು ಅನ್ಯಾಯ ಅನ್ನುವುದು ಒಂದು ಕಡೆ. ಜಿರಳೆ ಹೇಗೆ ಬದುಕುತ್ತದೆ ಅಂತ ಸ್ವಲ್ಪ ತಿಳಿದರೂ ಸಾಕು, ಆ ಪ್ರಶ್ನೆಗಳಲ್ಲಿ ಹುರುಳಿಲ್ಲ ಅನ್ನುವುದೂ ಗೊತ್ತಾಗುತ್ತದೆ.

ಮೊದಲು ಅಲರ್ಜಿ ಯಾವುದರಿಂದ ಅನ್ನುವುದನ್ನು ನೋಡೋಣ. ಜಿರಳೆ ಮುಟ್ಟಿದರೆ ಬರುವುದಲ್ಲ ಇದು. ಅದರ ಹಿಕ್ಕೆ, ಎಂಜಲು, ಬೆಳೆಯುವಾಗ ಕಳಚುವ ಪೊರೆ, ಸತ್ತ ಮೈಯ ಪುಡಿ, ಇವುಗಳಲ್ಲಿ ಕೆಲವು ಪ್ರೋಟೀನುಗಳಿವೆ. ಅವು ಒಣಗಿ ಮನೆಯ ಧೂಳಿನಲ್ಲಿ ಸೇರುತ್ತವೆ. ಅಲರ್ಜಿ ಇರುವವರ ದೇಹ ಇವುಗಳನ್ನು ಶತ್ರು ಅಂತ ತಿಳಿದು ಐಜಿಇ ತಯಾರು ಮಾಡಿ ಇಟ್ಟುಕೊಂಡಿರುತ್ತದೆ. ಮುಂದೆ ಆ ಧೂಳು ಉಸಿರಿನಲ್ಲಿ ಹೋದಾಗಲೆಲ್ಲ ಮೂಗು, ಕಣ್ಣು, ಶ್ವಾಸನಾಳ ಊದಿಕೊಳ್ಳುತ್ತವೆ. ಅಂದರೆ ಮನೆಯಲ್ಲಿ ಕಣ್ಣಿಗೆ ಒಂದೂ ಜಿರಳೆ ಕಾಣದಿದ್ದರೂ ತೊಂದರೆ ಇರಬಹುದು. ಇದ್ದ ಜಿರಳೆಗಳೆಲ್ಲ ಸತ್ತ ಮೇಲೂ ಇರಬಹುದು. ಸರಿಯಾಗಿ ಒರೆಸಿ ತೊಳೆಯದಿದ್ದರೆ ಈ ಪ್ರೋಟೀನು ತಿಂಗಳುಗಟ್ಟಲೆ ಉಳಿಯುತ್ತದೆ.

ಇದು ಗೊತ್ತಾದದ್ದು ತೀರಾ ಹಿಂದೇನಲ್ಲ. ಅಮೆರಿಕದ ವೈದ್ಯರಾದ ಬರ್ನ್‌ಟನ್ ಮತ್ತು ಬ್ರೌನ್ ಜಿರಳೆಗೆ ಚರ್ಮದ ಪರೀಕ್ಷೆ ಮಾಡಿ ಮೊದಲು ವರದಿ ಬರೆದದ್ದು 1964ರಲ್ಲಿ. ಜಗತ್ತು ಗಂಭೀರವಾಗಿ ತೆಗೆದುಕೊಂಡದ್ದು 1997ರಲ್ಲಿ. ಆ ವರ್ಷ ಡೇವಿಡ್ ರೋಸೆನ್‌ಸ್ಟ್ರೈಷ್ ಮತ್ತು ಜೊತೆಗಾರರು ಅಮೆರಿಕದ 8 ನಗರಗಳ ಬಡ ಬಡಾವಣೆಗಳ ಅಸ್ತಮಾ ಮಕ್ಕಳ ಬಗ್ಗೆ ಬರೆದರು. ಪರೀಕ್ಷೆ ಮಾಡಿದ 476 ಮಕ್ಕಳಲ್ಲಿ ಶೇಕಡ 36.8ರಷ್ಟು ಮಕ್ಕಳಿಗೆ ಜಿರಳೆ ಅಲರ್ಜಿ ಇತ್ತು. ಅರ್ಧದಷ್ಟು ಮಕ್ಕಳ ಮಲಗುವ ಕೋಣೆಯ ಧೂಳಿನಲ್ಲಿ ಜಿರಳೆಯ ಪ್ರೋಟೀನು ಹೆಚ್ಚಿನ ಮಟ್ಟದಲ್ಲಿತ್ತು. ಅಡುಗೆಮನೆ ಅಲ್ಲ, ಮಲಗುವ ಕೋಣೆ. ಅಲರ್ಜಿಯೂ ಇದ್ದು, ಕೋಣೆಯಲ್ಲಿ ಧೂಳೂ ಇದ್ದ ಮಕ್ಕಳು ಉಳಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಸಲ ಆಸ್ಪತ್ರೆ ಸೇರುತ್ತಿದ್ದರು. ಬೆಕ್ಕು, ನುಸಿ ಯಾವುದರಲ್ಲೂ ಈ ಎರಡು ಸೇರಿದಾಗ ಇಷ್ಟು ಕೆಡುಕು ಕಾಣಲಿಲ್ಲ. ಆ ಬಡಾವಣೆಗಳ ತಾಯಂದಿರನ್ನೂ ಜನ ಇದೇ ಪ್ರಶ್ನೆಗಳನ್ನು ಕೇಳಿರುತ್ತಾರೆ ಅಂತ ನನಗೆ ಅನಿಸುತ್ತದೆ. ಆದರೆ ಅವರು ಇದ್ದದ್ದು ಹಳೆಯ ಕಟ್ಟಡಗಳಲ್ಲಿ, ಸೋರುವ ಪೈಪುಗಳ ಜೊತೆ, ಒಂದೇ ಗೋಡೆಯ ಆಚೀಚೆ.

ನಮ್ಮ ಮನೆಗಳಲ್ಲಿ ಮುಖ್ಯವಾಗಿ ಎರಡು ಜಾತಿ. ಒಂದು ದೊಡ್ಡದು, ಕೆಂಪು ಕಂದು, ಮೋರಿಯಿಂದ ಬಚ್ಚಲಿಗೆ ಬರುವುದು. ಮಳೆ ಜೋರಾಗಿ ಮೋರಿ ತುಂಬಿದ ರಾತ್ರಿ ಒಂದರ ಹಿಂದೆ ಒಂದು ಮೇಲೆ ಬರುತ್ತವಲ್ಲ, ಅದೇ. ಇದಕ್ಕೆ ಅಮೆರಿಕನ್ ಜಿರಳೆ ಅಂತ ಹೆಸರು. ಇದರ ಮೂಲ ಮಾತ್ರ ಆಫ್ರಿಕಾ. ಇನ್ನೊಂದು ಚಿಕ್ಕದು, ತಿಳಿ ಕಂದು, ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುವುದು. ಮಿಕ್ಸಿ ಅಡಿಯಲ್ಲಿ, ಫ್ರಿಜ್ಜಿನ ಮೋಟಾರಿನ ಹತ್ತಿರ, ಕ್ಯಾಬಿನೆಟ್ಟಿನ ಕೀಲಿನಲ್ಲಿ ಸೇರಿಕೊಂಡಿರುತ್ತದೆ. ಇದು ಜರ್ಮನ್ ಜಿರಳೆ. ಸ್ವೀಡನ್ನಿನ ಜೀವಿವಿಜ್ಞಾನಿ ಲಿನೀಯಸ್ 1767ರಲ್ಲಿ ಇದಕ್ಕೆ ಜರ್ಮನಿಯ ಹೆಸರಿಟ್ಟ. 2024ರಲ್ಲಿ ಬಂದ ಜೀನ್ ಅಧ್ಯಯನವೊಂದು ಬೇರೆಯದೇ ಕಥೆ ಹೇಳಿತು. ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಕಡೆಯ ಒಂದು ಕಾಡು ಜಾತಿಯಿಂದ ಇದು ಬೇರೆಯಾಯಿತಂತೆ. ಮನುಷ್ಯರ ಹೊಲ, ಮನೆಗಳಿಗೆ ಹೊಂದಿಕೊಂಡು, ವ್ಯಾಪಾರದ ಹಾದಿ ಹಿಡಿದು, ಯೂರೋಪಿನ ಹಡಗುಗಳನ್ನು ಹತ್ತಿ ಜಗತ್ತೆಲ್ಲ ಹರಡಿತು. ಈಗ ಅದು ಮನುಷ್ಯರ ಕಟ್ಟಡ ಬಿಟ್ಟು ಬೇರೆಲ್ಲೂ ನೆಲೆ ನಿಲ್ಲುವುದಿಲ್ಲ. ಎರಡು ಸಾವಿರ ವರ್ಷದಿಂದ ನಮ್ಮ ಜೊತೆ ಬದುಕುವುದನ್ನೇ ಕಲಿತ ಜೀವಿಯೊಂದು ಮನೆಯಲ್ಲಿ ಕಂಡರೆ, ಅದು ಆ ಮನೆಯ ಹೆಂಗಸಿನ ಸೋಮಾರಿತನಕ್ಕೆ ಸಾಕ್ಷಿ ಅನ್ನುವುದು ಹೇಗೆ?

ಈ ಎರಡನ್ನು ಬೇರೆ ಮಾಡಿ ನೋಡುವುದು ಮುಖ್ಯ, ಯಾಕೆಂದರೆ ಪರಿಹಾರವೂ ಬೇರೆ. ದೊಡ್ಡದು ಹೊರಗಿನಿಂದ ಬರುತ್ತದೆ, ಅದನ್ನು ಬಾಗಿಲಲ್ಲೇ ತಡೆಯಬೇಕು. ಚಿಕ್ಕದು ಒಳಗೇ ಸಂಸಾರ ಮಾಡುತ್ತದೆ. ಅದರ ಒಂದು ಮೊಟ್ಟೆಯ ಚೀಲದಲ್ಲಿ 30ರಿಂದ 40 ಮೊಟ್ಟೆ. ಹೆಣ್ಣು ಆ ಚೀಲವನ್ನು ಮರಿಯಾಗುವವರೆಗೂ ಹೊತ್ತುಕೊಂಡೇ ತಿರುಗುತ್ತದೆ. ಮರಿ ಬೆಳೆದು ದೊಡ್ಡದಾಗಲು ಎರಡು ಮೂರು ತಿಂಗಳು ಸಾಕು. ಅಲರ್ಜಿಯ ಲೆಕ್ಕದಲ್ಲಿ ಎರಡೂ ಕೆಟ್ಟವೇ.

ಬಚ್ಚಲಿನ ಕಡೆ ನಾವು ಮಾಡಿದ ಕೆಲಸ ಸುಲಭದ್ದು. ನೆಲದ ನೀರು ಹೋಗುವ ಜಾಗದಲ್ಲಿ ಕೆಳಗೆ ಬಾಗಿದ ಪೈಪಿನಲ್ಲಿ ಸ್ವಲ್ಪ ನೀರು ಯಾವಾಗಲೂ ನಿಂತಿರುತ್ತದೆ. ಆ ನೀರೇ ಮೋರಿಯ ವಾಸನೆಗೂ ಜಿರಳೆಗೂ ತಡೆ. ನೆಂಟರಿಗೆ ಅಂತ ಇಟ್ಟ ಬಚ್ಚಲನ್ನು ಬಹಳ ದಿನ ಬಳಸದಿದ್ದರೆ ಆ ನೀರು ಆರಿ ದಾರಿ ತೆರೆದುಕೊಳ್ಳುತ್ತದೆ. ವಾರಕ್ಕೊಮ್ಮೆ ಒಂದು ಚೊಂಬು ನೀರು ಹಾಕಿದರೆ ಆಯಿತು. ವಾಷಿಂಗ್ ಮಷಿನ್ನಿನ ಪೈಪು ಇಳಿಬಿಟ್ಟ ತೂತಿನ ಸುತ್ತ ಸಂದು ಇತ್ತು, ಮುಚ್ಚಿಸಿದೆವು. ಎಲ್ಲಕ್ಕೂ ಸಣ್ಣ ಕಣ್ಣಿನ ಜಾಲರಿ. ಸಿಂಕಿನ ಕೆಳಗೆ ಪೈಪು ಗೋಡೆಯೊಳಗೆ ಹೋಗುವ ಕಡೆ ದೊಡ್ಡ ಬಿಲವೇ ಇರುತ್ತದೆ. ಪ್ಲಂಬರುಗಳು ಅದನ್ನು ಹಾಗೇ ಬಿಟ್ಟು ಹೋಗಿರುತ್ತಾರೆ, ಮೇಲೆ ಒಂದು ಸ್ಟೀಲ್ ಬಿಲ್ಲೆ ಮುಚ್ಚಿರುತ್ತಾರೆ ಅಷ್ಟೇ. ಬಿಲ್ಲೆ ಎತ್ತಿ ನೋಡಿ. ಸಿಮೆಂಟು ಅಥವಾ ಸಿಲಿಕಾನ್ ತುಂಬಿಸಿ.

ಚಿಕ್ಕ ಜಿರಳೆಯ ವಿಷಯ ಹೆಚ್ಚು ಕಷ್ಟ. ಇಲ್ಲಿ ನಾನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಉಬ್ಬಸ ಇರುವ ಮನೆಯಲ್ಲಿ ಜಿರಳೆ ಕೊಲ್ಲುವ ರೀತಿಯೇ ಕಾಯಿಲೆ ಜಾಸ್ತಿ ಮಾಡಬಹುದು. ಸ್ಪ್ರೇ ಹೊಡೆದರೆ ಕಣ್ಣೆದುರಿನದು ಸಾಯುತ್ತದೆ, ಸಮಾಧಾನ ಆಗುತ್ತದೆ. ಆದರೆ ಆ ಹನಿ, ಆ ವಾಸನೆ ಊದಿಕೊಂಡ ಶ್ವಾಸನಾಳಕ್ಕೆ ಉರಿ. ಸಂದಿಯಲ್ಲಿ ಕೂತ ನೂರಾರಕ್ಕೆ ಅದು ತಲುಪುವುದೂ ಇಲ್ಲ. ಜೊತೆಗೆ ಜರ್ಮನ್ ಜಿರಳೆಗಳು ಇಂಥ ಸ್ಪ್ರೇಗಳಲ್ಲಿ ಸಾಮಾನ್ಯವಾಗಿ ಇರುವ ಪೈರೆಥ್ರಾಯ್ಡ್ ಜಾತಿಯ ವಿಷಗಳಿಗೆ ಎಷ್ಟೋ ಕಡೆ ಒಗ್ಗಿಹೋಗಿವೆ. ಕೋಣೆ ತುಂಬ ಹೊಗೆ ಬಿಡುವ ಡಬ್ಬಗಳನ್ನು ಅಮೆರಿಕದ ನಾರ್ತ್ ಕೆರೊಲಿನಾದ ಅಪಾರ್ಟ್‌ಮೆಂಟುಗಳಲ್ಲಿ ಪರೀಕ್ಷಿಸಿ 2019ರಲ್ಲಿ ವರದಿ ಮಾಡಿದರು. ಜಿರಳೆ ಕಮ್ಮಿಯಾಗಲಿಲ್ಲ, ನೆಲದ ಮೇಲೆ, ಕಟ್ಟೆಯ ಮೇಲೆ ವಿಷ ಮಾತ್ರ ಉಳಿಯಿತು. ಅದೇ ಕಾಲದಲ್ಲಿ ಜಿರಳೆ ತಿಂದು ಸಾಯುವಂಥ ವಿಷ ಬೆರೆಸಿದ ಜೆಲ್ ಹಾಕಿದ ಮನೆಗಳಲ್ಲಿ ಜಿರಳೆ ಚೆನ್ನಾಗಿ ಇಳಿದಿತ್ತು. ಇನ್ನು ನಮ್ಮಲ್ಲಿ ಗೆರೆ ಎಳೆಯುವ ಚಾಕ್‌ಪೀಸ್ ಇದೆ. ನೋಡಲು ಸ್ಲೇಟಿನ ಬಳಪದ ಹಾಗೇ ಇರುತ್ತದೆ, ಅಂಬೆಗಾಲಿಡುವ ಮಗು ಇರುವ ಮನೆಯಲ್ಲಿ ಅದು ಬೇಡವೇ ಬೇಡ. ಬಟ್ಟೆಯ ಬೀರುವಿನಲ್ಲಿ, ಸಿಂಕಿನಲ್ಲಿ ಹಾಕುವ ನುಸಿಗುಳಿಗೆಯೂ ಅಷ್ಟೇ. ಅದರ ನ್ಯಾಫ್ತಲೀನ್ ಕೆಲವು ಮಕ್ಕಳಲ್ಲಿ ರಕ್ತಕಣಗಳನ್ನೇ ಒಡೆಯುತ್ತದೆ.

ಜೆಲ್ ಕೆಲಸ ಮಾಡುವುದು ಜಿರಳೆಯ ಸ್ವಭಾವವನ್ನೇ ಬಳಸಿಕೊಂಡು. ಅದನ್ನು ತಿಂದ ಜಿರಳೆ ತಕ್ಷಣ ಸಾಯುವುದಿಲ್ಲ, ಗೂಡಿಗೆ ಹೋಗಿ ಸಾಯುತ್ತದೆ. ಅದರ ಹಿಕ್ಕೆ, ಅದರ ಹೆಣ ತಿಂದ ಮರಿಗಳೂ ಸಾಯುತ್ತವೆ. ಗಾಳಿಗೆ ಏನೂ ಸೇರುವುದಿಲ್ಲ. ಆದರೆ ಹಾಕುವ ಜಾಗ ಗೊತ್ತಿರಬೇಕು. ಇದರ ಬಗ್ಗೆ ನಾರ್ತ್ ಕೆರೊಲಿನಾ ಸ್ಟೇಟ್ ವಿಶ್ವವಿದ್ಯಾಲಯದ ಕೀಟತಜ್ಞರು ಸೇರಿ ಮಾಡಿ 2007ರಲ್ಲಿ ಪ್ರಕಟಿಸಿದ ಕೆಲಸ ನನಗೆ ತುಂಬಾ ಹಿಡಿಸಿತು. ಕೆಲವು ಮನೆಗಳಲ್ಲಿ ಕೀಟತಜ್ಞರೇ ಜೆಲ್ ಹಾಕಿದರು. ಕೆಲವು ಮನೆಗಳನ್ನು ಮಾಮೂಲಿ ಕೀಟ ನಿಯಂತ್ರಣ ಕಂಪನಿಗಳಿಗೆ ಒಪ್ಪಿಸಿದರು. ಕೀಟತಜ್ಞರ ಮನೆಗಳಲ್ಲಿ ಜಿರಳೆಯೂ ಇಳಿಯಿತು, ಧೂಳಿನ ಪ್ರೋಟೀನೂ ಇಳಿಯಿತು. ಕಂಪನಿಗಳ ಮನೆಗಳಲ್ಲಿ ಅಷ್ಟು ಆಗಲಿಲ್ಲ. ಕೀಟತಜ್ಞರು ಮೊದಲು ಅಂಟಿನ ಬಲೆಗಳನ್ನು ಇಟ್ಟು ಜಿರಳೆ ಎಲ್ಲಿದೆ ಅಂತ ನೋಡಿಕೊಂಡು, ಅಲ್ಲೇ ಜೆಲ್ ಹಾಕಿ, ಮತ್ತೆ ಮತ್ತೆ ಬಂದು ನೋಡಿದ್ದರು.

ನಾವೂ ಹಾಗೇ ಮಾಡಿದೆವು. ಅಂಟಿನ ಹಲಗೆಗಳನ್ನು ತಂದು ಫ್ರಿಜ್ಜಿನ ಹಿಂದೆ, ಸಿಂಕಿನ ಕೆಳಗೆ, ಗ್ಯಾಸಿನ ಪಕ್ಕ, ದೇವರ ಮನೆಯಲ್ಲಿ, ಮಗಳ ಮಂಚದ ಕೆಳಗೆ ಇಟ್ಟೆವು. ಪ್ರತಿ ಹಲಗೆಯ ಮೇಲೂ ಇಟ್ಟ ಜಾಗ, ತಾರೀಖು ಬರೆದೆವು. ದೇವರ ಮನೆಯ ಹಲಗೆ ನಮಗೆ ಆಶ್ಚರ್ಯ ತಂದಿತು. ದೀಪದ ಎಣ್ಣೆ ಜಿನುಗಿದ ತಟ್ಟೆ, ನೈವೇದ್ಯದ ಬೆಲ್ಲ, ಸಕ್ಕರೆ, ಹಳೇ ಬತ್ತಿ, ಇವೆಲ್ಲ ಒಂದು ಮರದ ಗೂಡಿನೊಳಗೆ. ಅದಕ್ಕಿಂತ ಒಳ್ಳೆಯ ಜಾಗ ಜಿರಳೆಗೆ ಬೇರೆ ಇಲ್ಲ. ಹಲಗೆ ಹೇಳಿದ ಕಡೆ ಮಾತ್ರ ಜೆಲ್ ಹಾಕಿದೆವು. ದೊಡ್ಡ ಉಂಡೆಯಾಗಿ ಅಲ್ಲ, ಸಣ್ಣ ಸಣ್ಣ ಚುಕ್ಕೆ, ಬಹಳ ಕಡೆ. ಕೀಲಿನ ಒಳಗೆ, ಡ್ರಾಯರಿನ ಹಿಂಬದಿಯಲ್ಲಿ, ಮೂಲೆಗಳಲ್ಲಿ, ಮಕ್ಕಳ ಕೈಗೆ ಸಿಗದ ಕಡೆ. ಜೆಲ್ ಹಾಕಿದ ಜಾಗದಲ್ಲಿ ಸ್ಪ್ರೇ ಹೊಡೆಯಬಾರದು, ಫಿನಾಯಿಲ್ ಹಾಕಿ ಒರೆಸಬಾರದು. ಆ ವಾಸನೆಗೆ ಜಿರಳೆ ಹತ್ತಿರ ಬರುವುದಿಲ್ಲ. ಒಣಗಿದರೆ, ತಿಂದು ಮುಗಿಸಿದ್ದರೆ ಮತ್ತೆ ಹಾಕಬೇಕು. ಮೊಟ್ಟೆ ಒಡೆದು ಹೊಸ ಮರಿ ಬರುತ್ತವೆ, ಆದ್ದರಿಂದ ಎರಡು ಮೂರು ವಾರಕ್ಕೊಮ್ಮೆ ನೋಡುತ್ತಲೇ ಇರಬೇಕು.

ಒಮ್ಮೊಮ್ಮೆ ಜೆಲ್ ಇದ್ದರೂ ಜಿರಳೆ ತಿನ್ನುವುದಿಲ್ಲ. ಇದಕ್ಕೂ ಕಾರಣ ಇದೆ. ಜೆಲ್ಲಿನಲ್ಲಿ ಆಸೆಗೆ ಅಂತ ಗ್ಲುಕೋಸ್ ಬೆರೆಸುತ್ತಿದ್ದರು. ವಿಷದ ಸಿಹಿ ತಿಂದವು ಸತ್ತವು, ಹುಟ್ಟಿನಿಂದಲೇ ಗ್ಲುಕೋಸ್ ಇಷ್ಟಪಡದ ಕೆಲವು ಉಳಿದವು, ಅವುಗಳ ಸಂತತಿಯೇ ಹೆಚ್ಚಿತು. ಇದನ್ನು 1993ರಲ್ಲೇ ಗುರುತಿಸಿದ್ದರು. 2013ರಲ್ಲಿ ಇಂಥ ಜಿರಳೆಗಳ ನಾಲಿಗೆಗೆ ಗ್ಲುಕೋಸ್ ಕಹಿಯಾಗಿ ತಟ್ಟುತ್ತದೆ ಅನ್ನುವುದನ್ನೂ ತೋರಿಸಿದರು. ಹಾಗಾಗಿ ಒಂದು ಜೆಲ್ ನಡೆಯದಿದ್ದರೆ ಬೇರೆ ಕಂಪನಿಯ, ಒಳಗಿನ ಔಷಧಿಯೂ ಬೇರೆ ಇರುವ ಇನ್ನೊಂದನ್ನು ತಂದು ನೋಡಿ. ಫಿಪ್ರೊನಿಲ್ ಇದ್ದದ್ದಕ್ಕೆ ಬದಲು ಇಂಡಾಕ್ಸಕಾರ್ಬ್ ಅಥವಾ ಇಮಿಡಾಕ್ಲೋಪ್ರಿಡ್ ಇರುವುದು. ಟ್ಯೂಬಿನ ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ.

ಊಟದ ಬಗ್ಗೆ ಎಲ್ಲರೂ ಹೇಳುತ್ತಾರೆ, ನೀರಿನ ಬಗ್ಗೆ ಕಮ್ಮಿ. ಜರ್ಮನ್ ಜಿರಳೆ ಆಹಾರವಿಲ್ಲದೆ ತಿಂಗಳ ಹತ್ತಿರ ಬದುಕಬಲ್ಲದು. ನೀರಿಲ್ಲದೆ ಎರಡು ವಾರವೂ ಕಷ್ಟ. ಆದ್ದರಿಂದ ರಾತ್ರಿ ಮಲಗುವ ಮುಂಚೆ ಸಿಂಕ್ ಒಣಗಿಸಿ ಒರೆಸುವುದು ಪಾತ್ರೆ ತೊಳೆಯುವಷ್ಟೇ ಮುಖ್ಯ. ತೊಟ್ಟಿಕ್ಕುವ ನಲ್ಲಿ, ಫಿಲ್ಟರಿನ ಕೆಳಗಿನ ತಟ್ಟೆ, ಫ್ರಿಜ್ಜಿನ ಹಿಂದೆ ನೀರು ಸೇರುವ ಟ್ರೇ, ಒದ್ದೆ ಒರಸುಬಟ್ಟೆ, ಗಿಡದ ಕುಂಡದ ತಟ್ಟೆ. ಈ ಕೆಲಸ ನಮ್ಮ ಮನೆಯಲ್ಲಿ ನನ್ನದು. ಬಹಳ ಹೊತ್ತು ಬೇಕಾಗುವುದಿಲ್ಲ.

ಈಗ ಧೂಳಿನ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಜಿರಳೆ ಹೋಯಿತು ಅಂದ ಕೂಡಲೇ ಕೆಲಸ ಮುಗಿಯಿತು ಅಂದುಕೊಳ್ಳುತ್ತಾರೆ, ಮಗುವಿನ ಕೆಮ್ಮು ನಿಲ್ಲದಿದ್ದಾಗ ಜಿರಳೆ ಕಾರಣವೇ ಅಲ್ಲ ಅಂತ ತೀರ್ಮಾನಕ್ಕೆ ಬರುತ್ತಾರೆ. ಜಿರಳೆ ಪೂರ್ತಿ ಹೋದ ಮೇಲೂ ಪ್ರೋಟೀನು ಚೆನ್ನಾಗಿ ಇಳಿಯಲು ಆರು ತಿಂಗಳಾದರೂ ಬೇಕಾಗಬಹುದು. ಬೆಕ್ಕಿನ ಅಲರ್ಜಿಯ ಕಣ ಗಾಳಿಯಲ್ಲಿ ಗಂಟೆಗಟ್ಟಲೆ ತೇಲುತ್ತದೆ, ಜಿರಳೆಯದು ಹಾಗಲ್ಲ. ಇದು ಭಾರದ ಕಣ. ಯಾರೂ ಕದಲಿಸದಿದ್ದರೆ ನೆಲದ ಮೇಲೆ, ಹಾಸಿಗೆಯಲ್ಲಿ, ಸೋಫಾದಲ್ಲಿ ಸುಮ್ಮನೆ ಕೂತಿರುತ್ತದೆ. ಅದಕ್ಕೇ ಸಾವಿರಾರು ರೂಪಾಯಿ ಕೊಟ್ಟು ತಂದ ಏರ್ ಪ್ಯೂರಿಫೈಯರ್ ಈ ಅಲರ್ಜಿಗೆ ಹೆಚ್ಚು ಉಪಯೋಗಕ್ಕೆ ಬರುವುದಿಲ್ಲ. ಅದೇ ಕಾರಣಕ್ಕೆ ಒಣ ಪೊರಕೆಯಿಂದ ಗುಡಿಸುವುದು, ಹಾಸಿಗೆ ಕೊಡವುವುದು ತೀರಾ ಕೆಟ್ಟದ್ದು. ಕೂತ ಕಣ ಎಬ್ಬಿಸಿ ಮಗುವಿನ ಮೂಗಿಗೆ ಕೊಟ್ಟ ಹಾಗೆ. ಒದ್ದೆ ಬಟ್ಟೆಯಿಂದ ಒರೆಸಬೇಕು. ಸೋಪು ನೀರು ಸಾಕು, ಈ ಪ್ರೋಟೀನು ನೀರಿನಲ್ಲಿ ಕರಗುತ್ತದೆ. ವ್ಯಾಕ್ಯೂಮ್ ಇದ್ದರೆ ತೀರಾ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ಇರುವುದು ಇರಲಿ, ಇಲ್ಲದಿದ್ದರೆ ಹಿಂದಿನಿಂದ ಧೂಳು ಮತ್ತೆ ಹೊರಗೆ ಬರುತ್ತದೆ. ಗುಡಿಸಿ ಒರೆಸುವ ಹೊತ್ತಿನಲ್ಲಿ ಅಲರ್ಜಿ ಇರುವವರು ಬೇರೆ ಕೋಣೆಯಲ್ಲಿರಲಿ.

ಶುರು ಮಾಡುವುದಿದ್ದರೆ ಮಲಗುವ ಕೋಣೆಯಿಂದ ಮಾಡಿ. ಮಗು ರಾತ್ರಿಯೆಲ್ಲ ಉಸಿರಾಡುವುದು ಅಲ್ಲಿ. ಮಂಚದ ಕೆಳಗಿನ ಹಳೇ ಪುಸ್ತಕದ ಗಂಟು, ರದ್ದಿ ಪೇಪರು, ಆನ್‌ಲೈನಿನಲ್ಲಿ ತರಿಸಿದ ರಟ್ಟಿನ ಡಬ್ಬಗಳು ಮೊದಲು ಹೊರಗೆ ಹೋಗಲಿ. ಹಾಸಿಗೆಯಲ್ಲಿ ಕೂತು ಬಿಸ್ಕತ್ತು ತಿನ್ನುವುದು ನಿಲ್ಲಲಿ. ದಿಂಬು, ಹಾಸಿಗೆಗೆ ಜಿಪ್ ಇರುವ ಕವರ್ ಹಾಕಿ. ಅದು ನುಸಿಗೂ ಒಳ್ಳೆಯದು. ಒಂದೇ ಕ್ರಮದಿಂದ ಹೆಚ್ಚು ಆಗುವುದಿಲ್ಲ, ಎಲ್ಲವನ್ನೂ ಸೇರಿಸಿ ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ಒಳ್ಳೆಯ ಆಧಾರವಿದೆ. 2004ರಲ್ಲಿ ಪ್ರಕಟವಾದ ಅಮೆರಿಕದ ಇನ್ನೊಂದು ಅಧ್ಯಯನದಲ್ಲಿ 937 ಅಸ್ತಮಾ ಮಕ್ಕಳ ಮನೆಗಳಿದ್ದವು. ಮನೆ ಮನೆಗೆ ಹೋಗಿ ಆ ಮಗುವಿಗೆ ಯಾವುದರ ಅಲರ್ಜಿಯೋ ಅದನ್ನು ಕಮ್ಮಿ ಮಾಡುವುದನ್ನು ಕಲಿಸಿದರು. ಆ ಮಕ್ಕಳಿಗೆ ಉಬ್ಬಸದ ದಿನಗಳು ಕಮ್ಮಿಯಾದವು. ಜಿರಳೆ ಮತ್ತು ನುಸಿಯ ಪ್ರೋಟೀನು ಎಷ್ಟು ಇಳಿಯಿತೋ ಅಷ್ಟು ತೊಂದರೆಯೂ ಇಳಿಯಿತು.

ಇಷ್ಟೆಲ್ಲ ಒಂದು ಮನೆಯೊಳಗೆ ಮಾಡಬಹುದು. ಆದರೆ ನಾವಿರುವುದು ಅಪಾರ್ಟ್‌ಮೆಂಟಿನಲ್ಲಿ. ಅಡುಗೆಮನೆಗಳ ಪೈಪುಗಳೆಲ್ಲ ಒಂದೇ ಡಕ್ಟಿನಲ್ಲಿ ಮೇಲಿಂದ ಕೆಳಗೆ ಇಳಿಯುತ್ತವೆ. ನಮ್ಮಲ್ಲಿ ಓಡಿಸಿದರೆ ಮೇಲಿನ ಮನೆಗೆ, ಅವರು ಓಡಿಸಿದರೆ ಕೆಳಗಿನ ಮನೆಗೆ. ನಾಚಿಕೆ ಅಂತ ಶುರುವಿನಲ್ಲಿ ಹೇಳಿದೆನಲ್ಲ, ಅದು ನಿಜವಾಗಿ ಕೈಕಟ್ಟುವುದು ಇಲ್ಲಿ. ಯಾರೂ ತಮ್ಮ ಮನೆಯಲ್ಲಿ ಜಿರಳೆ ಇದೆ ಅಂತ ಒಪ್ಪುವುದಿಲ್ಲ. ಒಪ್ಪದಿದ್ದರೆ ಒಟ್ಟಿಗೆ ಜೆಲ್ ಹಾಕಿಸಲು ಆಗುವುದಿಲ್ಲ. ನಾನು ಅಸೋಸಿಯೇಷನ್ ಸಭೆಯಲ್ಲಿ ಎದ್ದು, ನಮ್ಮ ಮನೆಯಲ್ಲಿ ಜಿರಳೆ ಇದೆ, ಮಗಳಿಗೆ ಅದರಿಂದ ಉಬ್ಬಸ ಬರುತ್ತದೆ ಅಂತ ಹೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಕೆಳಗಿನ ಮಹಡಿಯ ಹಿರಿಯರೊಬ್ಬರು, ನಮ್ಮಲ್ಲೂ ಇದೆ, ಮೊಮ್ಮಗನಿಗೂ ಕೆಮ್ಮು ಅಂದರು. ಆಮೇಲೆ ಇನ್ನೊಬ್ಬರು. ಡಕ್ಟಿನ ಕಿಂಡಿಗಳಿಗೆ ಜಾಲರಿ ಹಾಕಿಸಿ, ಕಸದ ಕೋಣೆ ಸರಿಮಾಡಿ, ಒಂದೇ ಸಾಲಿನ ಮನೆಗಳಿಗೆಲ್ಲ ಒಂದೇ ವಾರ ಜೆಲ್ ಹಾಕಿಸಿದ ಮೇಲೆ ನಮ್ಮ ಅಂಟಿನ ಹಲಗೆಗಳು ಖಾಲಿ ಬರಲು ಶುರುವಾದವು.

ಮನೆ ಸ್ವಚ್ಛ ಮಾಡಿದ್ದೇವೆ ಅಂತ ಔಷಧಿ ಬಿಡುವುದಲ್ಲ. ಇದನ್ನು ಒತ್ತಿ ಹೇಳಬೇಕು. 2019ರ ಅಂದಾಜಿನಂತೆ ನಮ್ಮ ದೇಶದಲ್ಲಿ ಸುಮಾರು 3.4 ಕೋಟಿ ಜನಕ್ಕೆ ಅಸ್ತಮಾ ಇದೆ. ಆದರೂ ಇನ್ಹೇಲರ್ ಅಂದರೆ ಹೆದರಿಕೆ. ಅಭ್ಯಾಸ ಆಗಿಬಿಡುತ್ತದೆ, ಹೆಣ್ಣು ಮಗು ಬೇರೆ, ಮುಂದೆ ಮದುವೆಗೆ ತೊಂದರೆ ಅನ್ನುವ ಮಾತನ್ನು ನಾವೂ ಕೇಳಿದ್ದೇವೆ. ಇನ್ಹೇಲರಿನಲ್ಲಿ ಔಷಧಿ ಮೈಕ್ರೋಗ್ರಾಂ ಲೆಕ್ಕದಲ್ಲಿ ನೇರ ಶ್ವಾಸನಾಳಕ್ಕೆ ಹೋಗುತ್ತದೆ, ಮಾತ್ರೆಗಿಂತ ಎಷ್ಟೋ ಕಮ್ಮಿ ಪ್ರಮಾಣ. ಇದರಲ್ಲಿ ಎರಡು ಬಗೆ. ದಮ್ಮು ಬಂದಾಗ ತಕ್ಷಣ ಬಿಡಿಸುವುದು ಒಂದು. ಊತವನ್ನೇ ಇಳಿಸುವ ಸ್ಟೀರಾಯ್ಡ್ ಇನ್ನೊಂದು. ಮೊದಲನೆಯದನ್ನೇ ನಂಬಿ ಎರಡನೆಯದನ್ನು ಬಿಡುವುದು ಅಪಾಯ. ಅಸ್ತಮಾ ಚಿಕಿತ್ಸೆಯ ಜಾಗತಿಕ ಮಾರ್ಗಸೂಚಿಯಾದ ಜೀನಾ 2019ರಿಂದ ಇದನ್ನೇ ಹೇಳುತ್ತಿದೆ: ದೊಡ್ಡವರು, ಹದಿಹರೆಯದವರು ಬರೀ ಸಾಲ್ಬುಟಮಾಲ್ ಥರದ ಮೊದಲ ಬಗೆಯ ಔಷಧಿ ಮೇಲೆ ಇರಬಾರದು. ಮಕ್ಕಳಿಗೆ ಸ್ಪೇಸರ್, ಅಂದರೆ ಇನ್ಹೇಲರಿನ ಬಾಯಿಗೆ ಸಿಕ್ಕಿಸುವ ಕೊಳವೆ, ಹಾಕಿಯೇ ಕೊಡಬೇಕು. ಮಾತು ತುಂಡಾಗುತ್ತಿದ್ದರೆ, ಪಕ್ಕೆ ಒಳಗೆ ಎಳೆಯುತ್ತಿದ್ದರೆ, ತುಟಿ ನೀಲಿಯಾಗಿದ್ದರೆ ಮನೆಯಲ್ಲಿ ಕಾಯಬೇಡಿ, ಆಸ್ಪತ್ರೆಗೆ ಹೊರಡಿ. ಮೃಗಶಿರಾ ಕಾಲಿಟ್ಟ ದಿನ ಉಬ್ಬಸಕ್ಕೆ ಅಂತ ಜೀವಂತ ಮೀನಿನ ಬಾಯಲ್ಲಿಟ್ಟು ನುಂಗಿಸುವ ಹೈದರಾಬಾದಿನ ಮೀನಿನ ಔಷಧಿಗೆ ನಮ್ಮ ಕಲಬುರಗಿ, ರಾಯಚೂರು ಕಡೆಯಿಂದಲೂ ಜನ ಹೋಗುತ್ತಾರೆ. ಉಸಿರು ಸಿಗದ ಕಷ್ಟ ಕಂಡವರಿಗೆ ಆ ಪ್ರಯಾಣ ಅರ್ಥವಾಗುತ್ತದೆ. ಹೋಗುವವರು ಇನ್ಹೇಲರನ್ನು ಚೀಲದಲ್ಲಿ ಇಟ್ಟುಕೊಂಡೇ ಹೋಗಲಿ, ನಿಲ್ಲಿಸದಿರಲಿ.

ಕರಾವಳಿಯವರಿಗೆ ಒಂದು ಮಾತು. ಜಿರಳೆ, ಧೂಳಿನ ನುಸಿ, ಸಿಗಡಿ, ಏಡಿ ಎಲ್ಲದರಲ್ಲೂ ಟ್ರೋಪೊಮಯೋಸಿನ್ ಅನ್ನುವ ಒಂದೇ ಥರದ ಪ್ರೋಟೀನು ಇದೆ. ಆದ್ದರಿಂದ ಜಿರಳೆ ಅಲರ್ಜಿ ಇರುವ ಕೆಲವರಿಗೆ ಸಿಗಡಿ ತಿಂದಾಗ ತುಟಿ ತುರಿಸುವುದು, ಗಂಟಲು ಬಿಗಿಯುವುದು ಆಗುತ್ತದೆ. ಹಾಗೆ ಆಗಿದ್ದರೆ ವೈದ್ಯರಿಗೆ ಹೇಳಿ. ಏನೂ ಆಗದೆ ಆರಾಮಾಗಿ ತಿನ್ನುತ್ತಿರುವವರು ಪರೀಕ್ಷೆಯ ಕಾಗದ ನೋಡಿ ಬಿಡಬೇಕಾಗಿಲ್ಲ. ಚರ್ಮ ಉಬ್ಬಿತು ಅಂದ ಮಾತ್ರಕ್ಕೆ ಕಾಯಿಲೆ ಅಂತಲ್ಲ, ಲಕ್ಷಣವೂ ಹೊಂದಬೇಕು.

ಅಲರ್ಜಿಯ ಇಂಜೆಕ್ಷನ್ ಬಗ್ಗೆಯೂ ಜನ ಕೇಳುತ್ತಾರೆ. ಅಲರ್ಜಿ ಮಾಡುವ ವಸ್ತುವನ್ನೇ ಸ್ವಲ್ಪ ಸ್ವಲ್ಪ ಕೊಟ್ಟು ದೇಹವನ್ನು ಒಗ್ಗಿಸುವ ಚಿಕಿತ್ಸೆ ಅದು. ದೆಹಲಿಯ ವಲ್ಲಭಭಾಯ್ ಪಟೇಲ್ ಚೆಸ್ಟ್ ಇನ್‌ಸ್ಟಿಟ್ಯೂಟಿನ ವೈದ್ಯರ ಗುಂಪು ಅಮೆರಿಕನ್ ಜಿರಳೆಯ ಸಾರದಿಂದ ಇದನ್ನು ಪರೀಕ್ಷಿಸಿ ಗುಣ ಕಂಡಿದೆ. ಆದರೆ ನುಸಿ, ಪರಾಗಗಳಿಗೆ ಇರುವಷ್ಟು ಆಧಾರ ಜಿರಳೆಗೆ ಇನ್ನೂ ಇಲ್ಲ. ವರ್ಷಗಟ್ಟಲೆ ಹೋಗಬೇಕು, ಉಬ್ಬಸ ಹಿಡಿತದಲ್ಲಿ ಇಲ್ಲದಿದ್ದಾಗ ಕೊಡುವಂತಿಲ್ಲ. ನಮ್ಮ ವೈದ್ಯರು ಮೊದಲು ಮನೆ, ಆಮೇಲೆ ನೋಡೋಣ ಅಂದರು. ಅದು ನನಗೂ ಸರಿ ಅನಿಸಿತು. ಮಗಳ ಇನ್ಹೇಲರಿನ ಪ್ರಮಾಣವನ್ನು ಅವರು ಈಗ ಹಂತ ಹಂತವಾಗಿ ಇಳಿಸುತ್ತಿದ್ದಾರೆ.

ಉಬ್ಬಸದ ಮಗುವನ್ನು ಇಟ್ಟುಕೊಂಡು ಬಾಡಿಗೆ ಮನೆ ಹುಡುಕುವವರು ನನ್ನನ್ನು ಕೇಳಿದರೆ ಹೇಳುವುದು ಇಷ್ಟು. ಮನೆ ನೋಡಲು ಹೋಗುವಾಗ ಟಾರ್ಚ್ ತೆಗೆದುಕೊಂಡು ಹೋಗಿ. ಹಾಲ್ ನೋಡುವ ಮೊದಲು ಸಿಂಕಿನ ಕೆಳಗಿನ ಬಾಗಿಲು ತೆರೆಯಿರಿ. ಕೀಲುಗಳ ಹತ್ತಿರ ಕಾಳುಮೆಣಸಿನ ಪುಡಿ ಉದುರಿದಂತೆ ಕಪ್ಪು ಚುಕ್ಕಿ ಇದ್ದರೆ ಅದು ಹಿಕ್ಕೆ. ಅಷ್ಟಕ್ಕೇ ಮನೆ ಬೇಡ ಅನ್ನಬೇಕಿಲ್ಲ. ಬಣ್ಣ ಹೊಡೆಸುವ ಮುಂಚೆ ಪೈಪಿನ ಸಂದು ಮುಚ್ಚಿಸಿ ಕೊಡಿ ಅಂತ ಮಾಲೀಕರನ್ನು ಕೇಳಿ, ಖಾಲಿ ಮನೆಯಲ್ಲಿ ಅದು ಅರ್ಧ ದಿನದ ಕೆಲಸ. ಕ್ಯಾಬಿನೆಟ್ಟುಗಳನ್ನು ಒಳಗೆಲ್ಲ ಸೋಪು ನೀರಿನಿಂದ ಒರೆಸಿ, ಒಣಗಿದ ಮೇಲೆ ಸಾಮಾನು ಬರುವ ಮೊದಲೇ ಜೆಲ್ ಹಾಕಿಸಿ. ಹಳೇ ಮನೆಯಿಂದ ರಟ್ಟಿನ ಡಬ್ಬಗಳು ಬರುತ್ತವಲ್ಲ, ಅವನ್ನು ಅಟ್ಟಕ್ಕೆ ಹಾಕಬೇಡಿ. ಅವುಗಳ ಮಡಿಕೆಯಲ್ಲಿ ಮೊಟ್ಟೆ ಇರಬಹುದು. ಬಂದ ದಿನವೇ ಬಿಚ್ಚಿ, ಸಾಮಾನು ತೆಗೆದು, ಅವತ್ತೇ ರದ್ದಿಯವನಿಗೆ ಕೊಟ್ಟುಬಿಡಿ.